ಚಳಿಗಾಲದಲ್ಲಿ ವಿದ್ಯುತ್ ಕೈಕೊಟ್ಟಾಗ: ಮನೆಯನ್ನು ಸಜ್ಜುಗೊಳಿಸುವ ಸಮಗ್ರ ಮಾರ್ಗದರ್ಶಿ

ಬೇಸಿಗೆಯಲ್ಲಿ ಕರೆಂಟ್ ಹೋದರೆ ಕಿಟಕಿ ತೆರೆದಿಟ್ಟು, ಬೆವರೊರೆಸಿಕೊಂಡು ಹೇಗೋ ಕಾಯಬಹುದು. ಮೈ ಕೊರೆಯುವ ಚಳಿಯಲ್ಲಿ ಅದೇ ವಿದ್ಯುತ್ ಅರ್ಧ ದಿನ ಬಾರದಿದ್ದರೆ ಕೋಣೆಯ ಹೀಟರ್, ಬಿಸಿನೀರು, ನೀರೆತ್ತುವ ಪಂಪು, ಔಷಧವಿಟ್ಟ ಫ್ರಿಜ್, ಕೊನೆಗೆ ಕೈಯಲ್ಲಿರುವ ಮೊಬೈಲ್, ಹೀಗೆ ಒಂದೊಂದೇ ನಿಲ್ಲುತ್ತಾ ಹೋಗುತ್ತವೆ. 1998ರ ಜನವರಿಯಲ್ಲಿ ಕೆನಡಾದ ಪೂರ್ವ ಭಾಗದಲ್ಲಿ ದಿನಗಟ್ಟಲೆ ಸುರಿದ ಮಳೆಯ ನೀರು ತಂತಿಗಳ ಮೇಲೆಯೇ ಮಂಜುಗಡ್ಡೆಯಾಗಿ ಕಟ್ಟಿಕೊಂಡು, ಆ ಭಾರಕ್ಕೆ ಕಂಬಗಳೂ ಗೋಪುರಗಳೂ ಉರುಳಿದಾಗ, ಕೆಲವು ಪ್ರದೇಶಗಳಿಗೆ ವಿದ್ಯುತ್ ಮರಳಲು ವಾರಗಳೇ ಹಿಡಿದವು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಚಳಿಯ ಹೊಡೆತಕ್ಕೆ ವಿದ್ಯುತ್ ಜಾಲ ಕುಸಿದಾಗ ಸರ್ಕಾರಿ ಲೆಕ್ಕದ ಪ್ರಕಾರವೇ 246 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರ ಸಾವಿಗೆ ಕಾರಣ ಚಳಿ. ಚಳಿಯಿಂದ ತಪ್ಪಿಸಿಕೊಳ್ಳಲೆಂದು ಉರಿಸಿದ ವಸ್ತುಗಳ ವಿಷಾನಿಲಕ್ಕೆ ಬಲಿಯಾದವರೂ ಇದ್ದರು.

ಹೆಚ್ಚಿನ ಮನೆಗಳಲ್ಲಿ ಸಿದ್ಧತೆ ಎಂದರೆ ಒಂದು ಟಾರ್ಚು, ಒಂದು ಕಟ್ಟು ಮೇಣದಬತ್ತಿ. ಆದರೆ ಕತ್ತಲೆಯಿಂದ ಯಾರ ಜೀವಕ್ಕೂ ಅಷ್ಟು ಬೇಗ ಕುತ್ತು ಬರುವುದಿಲ್ಲ. ವಿಷಗಾಳಿ ನಿಮಿಷಗಳಲ್ಲಿ, ಚಳಿ ಗಂಟೆಗಳಲ್ಲಿ, ನೀರಿನ ಕೊರತೆ ಒಂದೆರಡು ದಿನಗಳಲ್ಲಿ ದೇಹವನ್ನು ಕೆಡವುತ್ತವೆ. ಸಿದ್ಧತೆಯೂ ಇದೇ ಕ್ರಮದಲ್ಲಿ ನಡೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿಯ ಹೆಜ್ಜೆಗಳನ್ನು ಆ ಕ್ರಮದಲ್ಲೇ ಜೋಡಿಸಿದ್ದೇನೆ. ಬೆಳಕಿನ ಸರದಿ ಸಾಕಷ್ಟು ತಡವಾಗಿ ಬರುತ್ತದೆ.

ಮೊದಲ ಹೆಜ್ಜೆ: ಮನೆಯನ್ನು ಒಂದು ಸುತ್ತು ಹಾಕಿ

ಏನನ್ನೂ ಕೊಳ್ಳುವ ಮೊದಲು ಕಾಗದ, ಪೆನ್ನು ಹಿಡಿದು ಮನೆಯನ್ನು ಸುತ್ತಿ, ವಿದ್ಯುತ್ ಇಲ್ಲದಿದ್ದರೆ ಏನೇನು ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಕಣ್ಣಿಗೆ ಕಾಣುವ ದೀಪ, ಹೀಟರ್‌ಗಳು ಎಲ್ಲರಿಗೂ ಹೊಳೆಯುತ್ತವೆ. ಮರೆತುಹೋಗುವುದು ಉಳಿದವು: ವಿದ್ಯುತ್ ಕಿಡಿಯಿಂದಲೇ ಹೊತ್ತಿಕೊಳ್ಳುವ ಗ್ಯಾಸ್ ಗೀಸರ್, ನೀರಿನ ಪಂಪು, ನೀರು ಶುದ್ಧೀಕರಿಸುವ ಯಂತ್ರ, ಲಿಫ್ಟ್, ವಿದ್ಯುತ್ ಬೀಗ, ವಾಹನ ನಿಲ್ಲಿಸುವ ಗ್ಯಾರೇಜಿನ ಬಾಗಿಲು, ಇಂಟರ್ನೆಟ್ ರೂಟರ್, ಔಷಧವನ್ನು ಆವಿಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್. ಪ್ರತಿಯೊಂದರ ಮುಂದೆ, ಅದಿಲ್ಲದೆ ಎಷ್ಟು ಹೊತ್ತು ತಡೆಯಬಹುದು ಮತ್ತು ಅದರ ಬದಲಿಗೆ ಏನಿದೆ ಎಂದು ಬರೆಯಿರಿ. ಬದಲಿ ಇಲ್ಲದ ಸಾಲುಗಳೇ ನಿಮ್ಮ ಕೆಲಸದ ಪಟ್ಟಿ.

ಇದೇ ಸುತ್ತಿನಲ್ಲಿ ಮೂರು ಜಾಗಗಳನ್ನು ಮನೆಯವರಿಗೆಲ್ಲ ತೋರಿಸಿ: ವಿದ್ಯುತ್ತಿನ ಮೇನ್ ಸ್ವಿಚ್, ಮನೆಗೆ ಬರುವ ನೀರಿನ ಮುಖ್ಯ ವಾಲ್ವ್, ಗ್ಯಾಸ್ ಬಂದ್ ಮಾಡುವ ತಿರುಪು ಅಥವಾ ರೆಗ್ಯುಲೇಟರ್. ತೋರಿಸಿದರಷ್ಟೇ ಸಾಲದು, ಪ್ರತಿಯೊಬ್ಬರೂ ಅದನ್ನು ಕೈಯಾರೆ ತಿರುಗಿಸಿ ನೋಡಬೇಕು. ವರ್ಷಗಟ್ಟಲೆ ಮುಟ್ಟದ ನೀರಿನ ವಾಲ್ವ್ ತುಕ್ಕು, ಸುಣ್ಣ ಕಟ್ಟಿ ಬಿಗಿದುಕೊಂಡಿರುತ್ತದೆ. ಎರಡೂ ಕೈ ಹಾಕಿದರೂ ಅಲುಗುವುದಿಲ್ಲ. ಪೈಪು ಒಡೆದು ನೆಲದ ತುಂಬ ನೀರು ಹರಿಯುತ್ತಿರುವ ರಾತ್ರಿ ಅದು ಗೊತ್ತಾಗುವುದಕ್ಕಿಂತ ಇಂದು ಹಗಲು ಗೊತ್ತಾದರೆ ಪ್ಲಂಬರನ್ನು ಕರೆಸಿ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ.

ಎರಡನೆಯ ಹೆಜ್ಜೆ: ಉಸಿರಾಡುವ ಗಾಳಿಯನ್ನು ಕಾಪಾಡಿಕೊಳ್ಳಿ

ಈ ಬರಹದಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ. ಇದ್ದಿಲು, ಸೌದೆ, ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ಗ್ಯಾಸ್ ಇವುಗಳಲ್ಲಿ ಯಾವುದೇ ಆದರೂ ಸಾಕಷ್ಟು ಗಾಳಿ ಸಿಗದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣುರಿ, ಕೆಮ್ಮು ಬರಿಸಿ ಎಚ್ಚರಿಸುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಕೋಣೆಯಲ್ಲಿ ಆಮ್ಲಜನಕ ಇದ್ದರೂ ದೇಹಕ್ಕೆ ದಕ್ಕುವುದಿಲ್ಲ. ನಿದ್ದೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯುತ್ತಾರೆ.

ಹೊಗೆ ಪೂರ್ತಿ ಇಳಿದು ನಿಗಿನಿಗಿ ಕೆಂಡವಷ್ಟೇ ಉಳಿದಿರುವ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದಿಡುವುದು ಬಹಳ ಕಡೆ ನಡೆದುಬಂದ ರೂಢಿ. ಹೊಗೆ ಇಲ್ಲದ ಮೇಲೆ ಅಪಾಯವಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ವಾಸ್ತವದಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹೊರಬರುವುದು ಆ ಹೊಗೆಯಿಲ್ಲದ ಕೆಂಡದಿಂದಲೇ. ಕಿಟಕಿಯನ್ನು ಬೆರಳಗಲ ತೆರೆದಿಟ್ಟ ಮಾತ್ರಕ್ಕೆ ಇದು ಸುರಕ್ಷಿತವಾಗುವುದಿಲ್ಲ. ಆದ್ದರಿಂದ ಇದ್ದಿಲನ್ನು ಮನೆಯೊಳಗೆ ಯಾವ ಕಾರಣಕ್ಕೂ ಉರಿಸಬಾರದು. ಅಡುಗೆಯ ಗ್ಯಾಸ್ ಒಲೆಯನ್ನು ಕೋಣೆ ಕಾಯಿಸಲು ಹಚ್ಚಿಡಬಾರದು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಕಾರಿನ ಎಂಜಿನ್ ಓಡಿಸಬಾರದು. ಹಿಮ ಬೀಳುವ ಊರಾದರೆ, ಬಾಯ್ಲರಿನ ಹೊಗೆಕೊಳವೆಯ ಬಾಯನ್ನೂ ನಿಂತ ಕಾರಿನ ಸೈಲೆನ್ಸರ್ ಕೊಳವೆಯನ್ನೂ ಹಿಮ ಮುಚ್ಚಿಲ್ಲವೆಂದು ನೋಡಿಕೊಳ್ಳುತ್ತಿರಬೇಕು.

ಜನರೇಟರ್ ಇರುವವರು ಅದನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಮನೆಯ ಬಾಗಿಲು, ಕಿಟಕಿಗಳ ಕಡೆಗೆ ಬಾರದಂತೆ ತಿರುಗಿಸಿ, ಮಳೆ ಹಿಮ ತಾಗದ ತೆರೆದ ಚಪ್ಪರದಡಿ ಇಡಬೇಕು. ವರಾಂಡ, ಬಾಲ್ಕನಿ, ನೆಲಮಾಳಿಗೆ ಯಾವುದೂ ಆಗದು. ಇಂಧನ ತುಂಬುವ ಮೊದಲು ಎಂಜಿನ್ ನಿಲ್ಲಿಸಿ ಆರಲು ಬಿಡಿ. ಬಿಸಿ ಲೋಹದ ಮೇಲೆ ಚೆಲ್ಲಿದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಮನೆಗೆ ವಿದ್ಯುತ್ ಕೊಡುವ ಕೈಚಳಕ ಕೊಲೆಗೆ ಸಮಾನ. ಆ ವಿದ್ಯುತ್ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ನನ್ನು ಬಲಿ ತೆಗೆದುಕೊಳ್ಳಬಹುದು. ಎಲೆಕ್ಟ್ರಿಷಿಯನ್ನಿಂದ ಚೇಂಜ್‌ಓವರ್ ಸ್ವಿಚ್ (ಬೀದಿಯ ತಂತಿ, ಜನರೇಟರ್ ಎರಡೂ ಒಟ್ಟಿಗೆ ಮನೆಗೆ ಜೋಡಣೆಯಾಗದಂತೆ ತಡೆಯುವ ಸ್ವಿಚ್) ಹಾಕಿಸಿ, ಇಲ್ಲವೇ ಉಪಕರಣಗಳನ್ನು ನೇರವಾಗಿ ಜನರೇಟರಿಗೇ ಜೋಡಿಸಿ.

ಏನನ್ನೇ ಉರಿಸುವ ಮನೆಯಾದರೂ ಮಲಗುವ ಕೋಣೆಗಳ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ನನ್ನ ಲೆಕ್ಕದಲ್ಲಿ ಟಾರ್ಚಿಗಿಂತ ಮೊದಲು ಕೊಳ್ಳಬೇಕಾದದ್ದು ಇದು. ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಗೊಂದಲ ಈ ವಿಷಾನಿಲ ಮೈಗೇರಿದ ಲಕ್ಷಣಗಳು. ಜ್ವರವಿಲ್ಲದ ಫ್ಲೂ ಬಂದಂತೆ ಅನ್ನಿಸಿ, ಮನೆಯ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟೊಟ್ಟಿಗೆ ಹಾಗಾದರೆ, ಹೊರಗೆ ಹೋದಾಗ ಹಗುರವೆನಿಸಿದರೆ, ಬೇರೇನನ್ನೂ ಯೋಚಿಸದೆ ಎಲ್ಲರನ್ನೂ ಬಯಲಿಗೆ ಕರೆತಂದು ವೈದ್ಯಕೀಯ ಸಹಾಯ ಕೇಳಿ. ಮರಳಿ ಒಳಗೆ ಹೋಗಬೇಡಿ.

ಮೂರನೆಯ ಹೆಜ್ಜೆ: ದೇಹದ ಬಿಸಿಯನ್ನು ಉಳಿಸಿಕೊಳ್ಳಿ

ಇಲ್ಲಿ ಒಂದು ಲೆಕ್ಕವನ್ನು ಅರ್ಥ ಮಾಡಿಕೊಂಡರೆ ಅರ್ಧ ದಾರಿ ಸವೆದಂತೆ. 12 ವೋಲ್ಟ್, 150 ಆ್ಯಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ (ಒಂದು ವ್ಯಾಟ್-ಅವರ್ ಎಂದರೆ ಒಂದು ವ್ಯಾಟಿನ ಹೊರೆಯನ್ನು ಒಂದು ಗಂಟೆ ನಡೆಸುವಷ್ಟು ವಿದ್ಯುತ್). ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಇನ್ವರ್ಟರಿನಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಹೀಗೆ ಕೈಗೆ ಸಿಗುವುದು ಸುಮಾರು 700 ವ್ಯಾಟ್-ಅವರ್. 1500 ವ್ಯಾಟಿನ ರೂಮ್ ಹೀಟರನ್ನು ಅದು ಅರ್ಧ ಗಂಟೆಯೂ ನಡೆಸದು, ಅಷ್ಟು ಹೊರೆಯನ್ನು ಸಾಮಾನ್ಯ ಮನೆಯ ಇನ್ವರ್ಟರ್ ಹೊರುವುದೂ ಇಲ್ಲ. ಅದೇ 700 ವ್ಯಾಟ್-ಅವರ್, 70 ವ್ಯಾಟಿನ ವಿದ್ಯುತ್ ಹೊದಿಕೆಯನ್ನು ಹತ್ತು ಗಂಟೆ ಬೆಚ್ಚಗಿಡಬಲ್ಲದು. ಬ್ಯಾಟರಿಯಿಂದ ಕೋಣೆಯನ್ನು ಕಾಯಿಸಲಾಗದು, ಮನುಷ್ಯನನ್ನು ಕಾಯಿಸಬಹುದು. ಮುಂದಿನ ಸಲಹೆಗಳೆಲ್ಲ ಈ ಲೆಕ್ಕದಿಂದಲೇ ಹೊರಡುತ್ತವೆ.

ಚಳಿಗಾಲಕ್ಕೆ ಮುನ್ನವೇ ಒಂದು ಕೋಣೆಯನ್ನು ಆರಿಸಿಡಿ. ಅದು ಚಿಕ್ಕದಾಗಿರಬೇಕು, ಹೊರಗೋಡೆಗಳು ಕಡಿಮೆ ಇರಬೇಕು, ಸಾಧ್ಯವಾದರೆ ಹಗಲಿನ ಬಿಸಿಲು ಬೀಳುವ ಕಿಟಕಿ ಇರಬೇಕು. ಗಾಳಿ ಜೋರಾಗಿರುವ ದಿನ ಒಂದು ಊದುಬತ್ತಿ ಹಚ್ಚಿ ಕಿಟಕಿಯ ಅಂಚು, ಬಾಗಿಲಿನ ಸಂದಿ, ವೈರು ಹಾದುಬಂದ ತೂತುಗಳ ಹತ್ತಿರ ನಿಧಾನವಾಗಿ ಆಡಿಸಿದರೆ, ಹೊಗೆ ಅಲುಗಿದ ಜಾಗದಲ್ಲಿ ಗಾಳಿ ನುಸುಳುತ್ತಿದೆ ಎಂದರ್ಥ. ಅಲ್ಲಿಗೆ ರಬ್ಬರ್ ಪಟ್ಟಿ ಅಥವಾ ಸೀಲೆಂಟ್ ಹಾಕಿಸಿ. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಬಟ್ಟೆ ಸಾಕು. ದಪ್ಪ ಪರದೆಗಳನ್ನು ಬಿಸಿಲಿದ್ದಾಗ ಸರಿಸಿ, ಸಂಜೆಯಾಗುತ್ತಿದ್ದಂತೆ ಎಳೆಯಿರಿ. ನೆಲದ ತಣ್ಣನೆಯನ್ನು ಕಡೆಗಣಿಸಬೇಡಿ: ಹೊದೆಯಲು ಎಷ್ಟು ಕಂಬಳಿಗಳಿವೆಯೋ ಮಲಗುವ ಹಾಸಿನಡಿಯಲ್ಲೂ ಅಷ್ಟೇ ದಪ್ಪ ಇರಬೇಕು, ಏಕೆಂದರೆ ಮೈಭಾರಕ್ಕೆ ಅಪ್ಪಚ್ಚಿಯಾದ ಹಾಸಿಗೆ ಬಿಸಿಯನ್ನು ಹಿಡಿದಿಡುವುದಿಲ್ಲ. ಒಬ್ಬ ವಯಸ್ಕರ ದೇಹ ಸುಮ್ಮನೆ ಕುಳಿತಾಗಲೂ ಸುಮಾರು 100 ವ್ಯಾಟ್ ಬಿಸಿ ಹೊಮ್ಮಿಸುತ್ತದೆ. ನಾಲ್ಕು ಜನ ಒಂದೇ ಕೋಣೆಯಲ್ಲಿ, ಅದರೊಳಗೆ ಕಟ್ಟಿದ ಒಂದು ಡೇರೆಯಲ್ಲಿ ಮಲಗಿದರೆ ಆ ಬಿಸಿ ವ್ಯರ್ಥವಾಗುವುದಿಲ್ಲ. ಮಕ್ಕಳಿಗಂತೂ ಅದು ಖುಷಿಯ ಸಂಗತಿ.

ಒಂದು ದಪ್ಪ ಅಂಗಿಗಿಂತ ತೆಳುವಾದ ಮೂರು ಪದರಗಳು ಮೇಲು; ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ಹೊದಿಕೆ. ಒದ್ದೆಯಾದ ಬಟ್ಟೆ, ಬೆವರಿದ ಕಾಲುಚೀಲಗಳನ್ನು ಕೂಡಲೇ ಬದಲಿಸಬೇಕು. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಒಂದೆರಡು ಒಳ್ಳೆಯ ಫ್ಲಾಸ್ಕ್‌ಗಳಿದ್ದರೆ, ಒಲೆ ಹಚ್ಚಿದಾಗೊಮ್ಮೆ ಕಾಯಿಸಿದ ನೀರು ರಾತ್ರಿಯಿಡೀ ಒದಗುತ್ತದೆ.

ಚಳಿಗಾಲದಲ್ಲಿ ಮನೆಯೊಳಗಿನ ತಾಪಮಾನ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ವಯಸ್ಸಾದವರು, ಹಸುಗೂಸುಗಳು ಇರುವ ಮನೆಗೆ ಅದಕ್ಕೂ ಹೆಚ್ಚಿನ ಬಿಸಿ ಬೇಕಾಗಬಹುದು. ಗೋಡೆಗೊಂದು ಉಷ್ಣಮಾಪಕ ತೂಗುಹಾಕಿ. ವಯಸ್ಸಾದವರಿಗೆ ಚಳಿ ತಾಗುತ್ತಿರುವುದು ತಮಗೇ ಗೊತ್ತಾಗದಿರಬಹುದು, "ನನಗೇನೂ ಚಳಿಯಿಲ್ಲ" ಎನ್ನುವ ಅವರ ಮಾತಿಗಿಂತ ಆ ಉಷ್ಣಮಾಪಕವನ್ನು ನಂಬಬೇಕು. ದೇಹದೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ. ತಡೆಯಲಾಗದ ನಡುಕ, ತೊದಲುವ ಮಾತು, ಗುಂಡಿ ಹಾಕಿಕೊಳ್ಳಲೂ ಬಾರದಷ್ಟು ಮರಗಟ್ಟಿದ ಬೆರಳು, ಮಂಕು, ತೂಕಡಿಕೆ ಅದರ ಗುರುತುಗಳು. ನಡುಕ ತಾನಾಗಿ ನಿಂತರೆ ಸುಧಾರಿಸಿತೆಂದು ತಿಳಿಯಬೇಡಿ, ಅದು ಇನ್ನೂ ಕೆಟ್ಟದ್ದರ ಸೂಚನೆ. ಒದ್ದೆ ಬಟ್ಟೆ ತೆಗೆದು, ಎದೆ, ಕುತ್ತಿಗೆ, ತಲೆ, ತೊಡೆಸಂದುಗಳನ್ನು ಮೊದಲು ಬೆಚ್ಚಗೆ ಮಾಡಿ, ಎಚ್ಚರವಿದ್ದರೆ ಬಿಸಿ ಪಾನೀಯ ಕೊಟ್ಟು, ತಕ್ಷಣ ವೈದ್ಯಕೀಯ ನೆರವು ಪಡೆಯಿರಿ. ಮದ್ಯ ಕೊಡಬಾರದು, ಅದು ಮೈಯ ಬಿಸಿಯನ್ನು ಚರ್ಮಕ್ಕೆ ತಂದು ಬೇಗ ಕಳೆಯುತ್ತದೆ. ಮರಗಟ್ಟಿ ಬಿಳಿಚಿದ ಬೆರಳನ್ನು ತಿಕ್ಕಬಾರದು.

ನಾಲ್ಕನೆಯ ಹೆಜ್ಜೆ: ನೀರು ಮತ್ತು ಪೈಪುಗಳು

ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಕನಿಷ್ಠ ಮೂರು ದಿನಗಳ ನೀರನ್ನು ತುಂಬಿಡಿ. ಅದರಲ್ಲಿ ಸುಮಾರು ಅರ್ಧ ಕುಡಿಯಲು, ಉಳಿದದ್ದು ಅಡುಗೆ ಮತ್ತು ತೀರಾ ಅಗತ್ಯದ ಶುಚಿಗೆ. ಶೌಚಕ್ಕೆ ಬೇಕಾದ ನೀರು ಇದರ ಹೊರತು. ಆಹಾರಕ್ಕೆಂದೇ ಮಾಡಿದ ಮುಚ್ಚಳದ ಡಬ್ಬಿಗಳನ್ನೇ ಬಳಸಿ, ಮನೆಯಲ್ಲೇ ತುಂಬಿಸಿದ ನೀರನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿ. ನೀರಿನ ಶುದ್ಧತೆ ಬಗ್ಗೆ ಸಂಶಯ ಬಂದರೆ ಕೊತಕೊತ ಕುದಿಯುವ ಹದದಲ್ಲಿ ಒಂದು ನಿಮಿಷ, ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ ಕುದಿಸಿ. ಕುದಿಸಲು ಇಂಧನವಿಲ್ಲದಿದ್ದರೆ, ಸುಗಂಧವಾಗಲಿ ಬೇರೆ ಮಾರ್ಜಕವಾಗಲಿ ಸೇರಿಸದ, ಶೇಕಡ 5ರಿಂದ 9ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣವನ್ನು ಲೀಟರಿಗೆ ಎರಡು ಹನಿಯಂತೆ ಕಲಸಿ ಅರ್ಧ ಗಂಟೆ ಬಿಡಿ. ಕದಡಿದ ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ನೀರು ಗಡ್ಡೆಕಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೆ ಹಿಗ್ಗಲು ಜಾಗವಿಲ್ಲದೆ, ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ. ಸೀಳಿದ್ದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆ. ತಾಪಮಾನ ಸೊನ್ನೆಗಿಂತ ಕೆಳಗೆ ಹೋಗುವ ಊರುಗಳಲ್ಲಿ ಹೊರಗೋಡೆಯ ಪೈಪುಗಳಿಗೆ ಫೋಮ್ ಹೊದಿಕೆ ಹಾಕಿಸಿ. ತೀವ್ರ ಚಳಿಯ ರಾತ್ರಿ ನಲ್ಲಿಯನ್ನು ಸಣ್ಣ ಎಳೆಯಾಗಿ ಹರಿಯಲು ಬಿಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು ಕೋಣೆಯ ಬಿಸಿ ಪೈಪಿಗೆ ತಲುಪುವಂತೆ ಮಾಡಿ. ಮನೆ ಬಿಟ್ಟು ಬೇರೆಡೆ ಹೋಗುವುದಾದರೆ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ಪೈಪು ಬರಿದು ಮಾಡಿ. ಗಡ್ಡೆಕಟ್ಟಿದ ಪೈಪನ್ನು ಬೆಂಕಿಯ ಜ್ವಾಲೆಯಿಂದ ಕರಗಿಸಬಾರದು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಶುರುಮಾಡಿ ಸುತ್ತುತ್ತಾ ಹೋಗಬೇಕು.

ಐದನೆಯ ಹೆಜ್ಜೆ: ಔಷಧ ಮತ್ತು ವೈದ್ಯಕೀಯ ಯಂತ್ರಗಳು

ದಿನನಿತ್ಯದ ಮಾತ್ರೆಗಳು ಕನಿಷ್ಠ ಒಂದು ವಾರಕ್ಕಾಗುವಷ್ಟು ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯ ನಕಲೂ ಜೊತೆಗಿರಲಿ. ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಬಳಕೆಯಲ್ಲಿರುವುದು ಹೆಚ್ಚಿನ ಬಗೆಗಳಲ್ಲಿ ಕೋಣೆಯ ತಾಪಮಾನದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ, ನಿಮ್ಮದರ ಅವಧಿಯನ್ನು ಅದರ ಚೀಟಿಯಲ್ಲೇ ಓದಿಕೊಳ್ಳಿ. ಚಳಿಗಾಲದಲ್ಲಿ ಇನ್ಸುಲಿನ್‌ಗೆ ಬಿಸಿಗಿಂತ ದೊಡ್ಡ ಶತ್ರು ಹೆಪ್ಪುಗಟ್ಟುವಿಕೆ. ತಣ್ಣಗಿರಲೆಂದು ಅದನ್ನು ಕಿಟಕಿಯ ಹೊರಗೆ ಅಥವಾ ಐಸ್ ಗಡ್ಡೆಗೆ ತಾಗಿಸಿ ಇಟ್ಟರೆ ಕೆಡುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು.

ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್, ನಿದ್ರೆಯ ಉಸಿರಾಟದ ಯಂತ್ರ ಇಂಥವುಗಳ ಮೇಲೆ ಅವಲಂಬಿತರಾದವರು ಇದ್ದರೆ ಮನೆಯ ಸಿದ್ಧತೆಯಷ್ಟೇ ಸಾಲದು. ವಿದ್ಯುತ್ ಕಂಪನಿಗೆ ಲಿಖಿತವಾಗಿ ತಿಳಿಸಿ, ಆದ್ಯತೆಯ ಗ್ರಾಹಕರ ಪಟ್ಟಿ ಇದೆಯೇ ಎಂದು ವಿಚಾರಿಸಿ. ಕರೆಂಟ್ ಬೇಡದ ಆಕ್ಸಿಜನ್ ಸಿಲಿಂಡರೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಎಷ್ಟು ಗಂಟೆಯ ನಂತರ ಎಲ್ಲಿಗೆ ಹೊರಡುವುದು ಎಂಬುದನ್ನು ಈಗಲೇ ನಿಶ್ಚಯಿಸಿ ಬರೆದಿಡಿ. ಬ್ಯಾಟರಿಯ ಕೊನೆಯ ಕಡ್ಡಿ ಉಳಿದಾಗ ಹೊರಡುವುದು ತಡವಾದಂತೆ.

ಆರನೆಯ ಹೆಜ್ಜೆ: ಆಹಾರ

ಬೇಯಿಸದೆ ತಿನ್ನಬಹುದಾದ, ಮನೆಯವರು ಈಗಲೂ ಇಷ್ಟಪಟ್ಟು ತಿನ್ನುವ ಪದಾರ್ಥಗಳನ್ನೇ ಮೂರು ದಿನಕ್ಕಾಗುವಷ್ಟು ಇಡಿ, ತಿನ್ನುತ್ತಾ ಹೊಸದನ್ನು ತುಂಬುತ್ತಾ ಬನ್ನಿ. ಹಸುಗೂಸಿನ ಆಹಾರ, ಸಾಕುಪ್ರಾಣಿಯ ಆಹಾರ ಪ್ರತ್ಯೇಕ.

ವಿದ್ಯುತ್ ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ; ಭರ್ತಿ ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗಕ್ಕೆ ಮುಕ್ಕಾಲು ತುಂಬಿಸಿದ ನೀರಿನ ಬಾಟಲಿಗಳನ್ನಿಟ್ಟು ಗಡ್ಡೆಗಟ್ಟಿಸಿದರೆ ತಣ್ಣನೆ ಹೆಚ್ಚು ಹೊತ್ತು ನಿಲ್ಲುತ್ತದೆ, ಕರಗಿದ ಮೇಲೆ ಕುಡಿಯಲೂ ಆಗುತ್ತದೆ. 4 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಎರಡು ಗಂಟೆಗೂ ಮೀರಿ ಉಳಿದ ಮಾಂಸ, ಮೀನು, ಹಾಲು, ಬೇಯಿಸಿದ ಪದಾರ್ಥಗಳನ್ನು ಎಸೆಯಿರಿ. ರುಚಿ ನೋಡಿ ತೀರ್ಮಾನಿಸಬೇಡಿ, ಕಾಯಿಲೆ ತರುವ ಸೂಕ್ಷ್ಮಜೀವಿಗಳು ರುಚಿ, ವಾಸನೆಗಳನ್ನು ಕೆಡಿಸಲೇಬೇಕೆಂದಿಲ್ಲ. ಫ್ರೀಜರಿನಲ್ಲಿದ್ದುದರೊಳಗೆ ಇನ್ನೂ ಮಂಜಿನ ಹರಳುಗಳು ಕೈಗೆ ತಾಗುತ್ತಿದ್ದರೆ ಮತ್ತೆ ಗಡ್ಡೆಗಟ್ಟಿಸಬಹುದು.

ಮನೆಯಲ್ಲಿ ಇಲ್ಲದಿದ್ದಾಗ ಕರೆಂಟ್ ಹೋಗಿ ಬಂದಿದ್ದರೆ ತಿಳಿಯಲು ಒಂದು ಸುಲಭ ಉಪಾಯವಿದೆ. ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿ, ಅದರ ಮೇಲೆ ಒಂದು ನಾಣ್ಯ ಇಟ್ಟುಬಿಡಿ. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ಲೋಟದ ತಳದಲ್ಲಿ ಮಂಜಿನೊಳಗೆ ಸೇರಿಕೊಂಡಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ; ಆ ಆಹಾರವನ್ನು ಬಳಸಬೇಡಿ.

ಹೊರಗೆ ಹೇಗೂ ಚಳಿಯಿದೆಯೆಂದು ಆಹಾರವನ್ನು ಅಂಗಳದಲ್ಲಿಡುವುದು ಸರಿಯಲ್ಲ, ಬಿಸಿಲಿಗೆ ಬೆಚ್ಚಗಾಗುತ್ತದೆ, ಪ್ರಾಣಿಗಳು ಬಾಯಿ ಹಾಕುತ್ತವೆ. ನೀರಿನ ಡಬ್ಬಿಗಳನ್ನು ಹೊರಗಿಟ್ಟು ಗಡ್ಡೆಯಾದ ಮೇಲೆ ಫ್ರಿಜ್ಜಿನೊಳಗೆ ತಂದಿಡುವುದು ಜಾಣತನ.

ಏಳನೆಯ ಹೆಜ್ಜೆ: ಬೆಳಕು, ಬ್ಯಾಟರಿ, ಸಂಪರ್ಕ

ಮೇಣದಬತ್ತಿಯನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಕಂಬಳಿ, ಪರದೆ, ಮಕ್ಕಳು, ನಿದ್ದೆಗಣ್ಣು ಇರುವ ಕೋಣೆಯಲ್ಲಿ ಅದು ಬೆಂಕಿಗೆ ಆಹ್ವಾನ. ತಲೆಗೆ ಕಟ್ಟಿಕೊಳ್ಳುವ ಎಲ್‌ಇಡಿ ಟಾರ್ಚು ಒಬ್ಬರಿಗೊಂದರಂತೆ ಇದ್ದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಟಾರ್ಚುಗಳಿಗೆ ನಿಗದಿತ ಜಾಗವಿರಲಿ: ಹಾಸಿಗೆಯ ತಲೆದೆಸೆ, ಮುಂಬಾಗಿಲಿನ ಮೊಳೆ, ಮೆಟ್ಟಿಲಿನ ಬುಡ. ಅಪರೂಪಕ್ಕೆ ಬಳಸುವ ಟಾರ್ಚಿನಿಂದ ಸೆಲ್ ತೆಗೆದು ಅದರ ಪಕ್ಕದಲ್ಲೇ ಕಟ್ಟಿಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ತಿಂದುಹಾಕುತ್ತದೆ.

ಮೇಲೆ ಹೇಳಿದ ಇನ್ವರ್ಟರ್ ಬ್ಯಾಟರಿ 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, ಒಂದು ರೂಟರ್, ಒಂದು ಫೋನ್ ಚಾರ್ಜರ್ ಸೇರಿ ಸುಮಾರು 50 ವ್ಯಾಟ್ ಹೊರೆಯನ್ನು ಹದಿಮೂರು ಹದಿನಾಲ್ಕು ಗಂಟೆ ನಡೆಸುತ್ತದೆ. ಅದರ ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಚಳಿಗಾಲಕ್ಕೆ ಮುನ್ನ ನೋಡಿಸಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡದ ಕಪಾಟಿನಲ್ಲಿ ಇಡಬೇಡಿ. 20,000 ಮಿಲಿಆ್ಯಂಪಿಯರ್-ಅವರ್‌ನ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಹಿಡಿಯುತ್ತದೆ. ಸೋರಿಕೆ ಕಳೆದರೆ ಇಂದಿನ ದೊಡ್ಡ ಫೋನೊಂದನ್ನು ಎರಡೂವರೆ ಸಲ ತುಂಬಿಸಬಲ್ಲದು. ಲಿಥಿಯಂ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಹಾಳಾಗುತ್ತವೆ. ಕಾರಿನಲ್ಲಿ ರಾತ್ರಿಯಿಡೀ ಬಿಟ್ಟದ್ದನ್ನು ಒಳಗೆ ತಂದು ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ.

ಮೊಬೈಲ್ ಗೋಪುರಗಳಿಗೂ ಬ್ಯಾಟರಿಯೇ ಗತಿ, ಅವೂ ಕೆಲವು ಗಂಟೆಗಳ ಮೇಲೆ ಮೌನವಾಗಬಹುದು. ಸೆಲ್ ಅಥವಾ ಕೈತಿರುಗಣೆಯ ರೇಡಿಯೋ ಒಂದಿರಲಿ. ದಟ್ಟಣೆಯಲ್ಲಿ ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುತ್ತದೆ. ಮುಖ್ಯ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ದೂರದ ಊರಿನ ಒಬ್ಬ ಬಂಧುವನ್ನು ಎಲ್ಲರ ಸುದ್ದಿ ಒಟ್ಟುಗೂಡುವ ಕೇಂದ್ರವಾಗಿ ಗೊತ್ತು ಮಾಡಿಕೊಳ್ಳಿ. ಪೆಟ್ರೋಲ್ ಬಂಕ್, ಎಟಿಎಂ, ಕಾರ್ಡ್ ಯಂತ್ರಗಳೂ ವಿದ್ಯುತ್ತಿನ ಮೇಲೆ ನಿಂತಿವೆ. ವಾಹನದಲ್ಲಿ ಅರ್ಧ ಟ್ಯಾಂಕ್ ಇಂಧನ, ಮನೆಯಲ್ಲಿ ಚಿಲ್ಲರೆ ನೋಟುಗಳು ಸದಾ ಇರಲಿ. ಗುರುತಿನ ಚೀಟಿ, ವಿಮೆ, ಮನೆಪತ್ರಗಳ ನಕಲುಗಳನ್ನು ನೀರು ತಾಗದ ಚೀಲದಲ್ಲಿ ಇಡಿ.

ಎಂಟನೆಯ ಹೆಜ್ಜೆ: ನಿತ್ಯದ ತುರ್ತುಗಳು

ಕತ್ತಲೆಯಲ್ಲಿ, ಅವಸರದಲ್ಲಿ ಬೀಳುವುದು, ಸುಟ್ಟುಕೊಳ್ಳುವುದು, ಕೊಯ್ದುಕೊಳ್ಳುವುದು ಹೆಚ್ಚು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಮತ್ತೆ ಮತ್ತೆ ಎತ್ತಬೇಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕದೆ, ಒಲೆ ಆರಿಸಿ ಮುಚ್ಚಳ ಮುಚ್ಚಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಹೋದ ಮೇಲೆ ಫೋನ್ ಮಾಡಿ. ಬಿದ್ದ ವಿದ್ಯುತ್ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ, ಅದು ಸತ್ತಿದೆಯೆಂದು ಎಂದೂ ಊಹಿಸಬೇಡಿ.

ಉಸಿರು ನಿಂತವರಿಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಮನೆಯಲ್ಲಿ ಒಬ್ಬರಾದರೂ ತರಬೇತಿ ಪಡೆದು ಕಲಿತಿರಬೇಕು. ಓದಿ ಕಲಿಯುವ ವಿದ್ಯೆ ಇದಲ್ಲ.

ಒಂಬತ್ತನೆಯ ಹೆಜ್ಜೆ: ಒಂದು ಸಂಜೆ ಮೇನ್ ಸ್ವಿಚ್ ಆರಿಸಿ

ಇಷ್ಟೆಲ್ಲ ಕೂಡಿಟ್ಟ ಮೇಲೂ ಸಿದ್ಧತೆ ಮುಗಿಯುವುದಿಲ್ಲ. ಚಳಿಗಾಲದ ಆರಂಭದಲ್ಲಿ, ರಜೆಯ ಹಿಂದಿನ ಸಂಜೆ, ಮನೆಯವರಿಗೆಲ್ಲ ಹೇಳಿ ಮೇನ್ ಸ್ವಿಚ್ ಆರಿಸಿ ಬೆಳಗಿನವರೆಗೆ ಹಾಗೆಯೇ ಇರಿ. ವೈದ್ಯಕೀಯ ಯಂತ್ರ ನಡೆಯುವ ಮನೆಯಾದರೆ ಅದರ ವ್ಯವಸ್ಥೆಯನ್ನು ವೈದ್ಯರೊಡನೆ ಮಾತಾಡಿಕೊಂಡೇ ಇದನ್ನು ಮಾಡಿ. ಕೊರತೆಗಳು ಬೇಗ ಕಣ್ಣಿಗೆ ಬೀಳುತ್ತವೆ: ಡಬ್ಬಿ ತೆರೆಯುವ ಸಾಧನ ವಿದ್ಯುತ್ತಿನದೇ ಆಗಿರುತ್ತದೆ, ಟಾರ್ಚಿಗೆ ಬೇಕಾದ ಸೆಲ್ಲಿನ ಅಳತೆ ಬೇರೆಯಾಗಿರುತ್ತದೆ, ಅಜ್ಜಿಗೆ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕಿರುವುದಿಲ್ಲ. ಅವನ್ನು ಮಾರನೆಯ ದಿನವೇ ಸರಿಪಡಿಸಿ. ಮಕ್ಕಳಿಗೆ ಒಂದೊಂದು ಜವಾಬ್ದಾರಿ ಕೊಡಿ. ಕೆಲಸವಿರುವ ಮಗು ಕಡಿಮೆ ಹೆದರುತ್ತದೆ.

ನಿಜವಾಗಿ ಕರೆಂಟ್ ಹೋದಾಗ

ಮೊದಲು ಅಕ್ಕಪಕ್ಕದ ಮನೆಗಳಲ್ಲಿ ದೀಪವಿದೆಯೇ ನೋಡಿ. ಇದ್ದರೆ ನಿಮ್ಮ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಬಿದ್ದಿರಬಹುದು. ಎಲ್ಲೆಡೆ ಹೋಗಿದ್ದರೆ ಕಂಪನಿಗೆ ದೂರು ಕೊಟ್ಟು, ಹೀಟರ್, ಇಸ್ತ್ರಿಪೆಟ್ಟಿಗೆ, ಒಲೆಗಳನ್ನು ಆರಿಸಿ, ಟಿವಿ, ಕಂಪ್ಯೂಟರ್‌ಗಳ ಪ್ಲಗ್ ಕಿತ್ತಿಡಿ. ವಿದ್ಯುತ್ ಮರಳುವಾಗಿನ ಏರಿಳಿತ ಅವನ್ನು ಸುಡಬಹುದು, ಆರಿಸದೆ ಬಿಟ್ಟ ಹೀಟರ್ ನೀವಿಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಬೆಂಕಿಗೆ ಕಾರಣವಾಗಬಹುದು. ಒಂದು ಬಲ್ಬಿನ ಸ್ವಿಚ್ ಮಾತ್ರ ಹಾಕಿಟ್ಟರೆ ಬಂದದ್ದು ತಿಳಿಯುತ್ತದೆ. ಫ್ರಿಜ್ಜಿನ ಮೇಲೆ ಹೋದ ಸಮಯವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಬಾಗಿಲು ತೆರೆಯಬೇಡಿ. ಟ್ಯಾಂಕಿನಲ್ಲಿ ನೀರಿರುವಾಗಲೇ ಬಕೆಟ್ಟುಗಳನ್ನು ತುಂಬಿಸಿ. ಆಮೇಲೆ ಮೊದಲೇ ಗೊತ್ತು ಮಾಡಿಟ್ಟ ಕೋಣೆಗೆ ಎಲ್ಲರೂ ಸೇರಿ ಬಾಗಿಲು ಮುಚ್ಚಿ, ಮನೆ ಇನ್ನೂ ಬೆಚ್ಚಗಿರುವಾಗಲೇ. ಕಳೆದುಹೋದ ಬಿಸಿಯನ್ನು ಮತ್ತೆ ತುಂಬಿಸುವುದು ಇದ್ದದ್ದನ್ನು ಉಳಿಸುವುದಕ್ಕಿಂತ ಬಹಳ ಕಷ್ಟ. ಒಂಟಿಯಾಗಿರುವ ನೆರೆಯ ವೃದ್ಧರ ಬಾಗಿಲು ತಟ್ಟಿ, ಸಾಧ್ಯವಿದ್ದರೆ ಅವರನ್ನೂ ಕರೆದುಕೊಳ್ಳಿ.

ವಿದ್ಯುತ್ ಬಂದ ಮೇಲೆ ಕೆಲವು ನಿಮಿಷ ಬಿಟ್ಟು ಉಪಕರಣಗಳನ್ನು ಒಂದೊಂದಾಗಿ ಹಾಕಿ. ಫ್ರಿಜ್ಜಿನ ಚೀಟಿ ನೋಡಿ ಆಹಾರವನ್ನು ವಿಂಗಡಿಸಿ, ಪೈಪುಗಳು ಸೋರುತ್ತಿವೆಯೇ ಪರೀಕ್ಷಿಸಿ, ಪವರ್ ಬ್ಯಾಂಕ್‌ಗಳನ್ನು ಚಾರ್ಜಿಗೆ ಹಾಕಿ. ಬಳಸಿದ ಸೆಲ್, ನೀರು, ಔಷಧಗಳನ್ನು ಅದೇ ವಾರದಲ್ಲಿ ಮತ್ತೆ ತುಂಬಿಸಿಡಿ, ಏಕೆಂದರೆ ತರಾತುರಿಯಲ್ಲಿ ಜೋಡಿಸಿದ ತಂತಿಗಳು ಅದೇ ಚಳಿಯಲ್ಲಿ ಎರಡನೆಯ ಬಾರಿಯೂ ಕಡಿಯುವುದುಂಟು.